ಏಳ್ತಿದ್ದ

ಚೆಂಡುಹೂವಿನ ಎಸಳೊಂದು ರಕ್ತಕ್ಕೆ ಅಂಟಿ ಕೂತಿದೆ, ಎಷ್ಟು ಹಳದಿ — ಕ್ಷಮಿಸು ಮಾದಪ್ಪ, ಬೆಟ್ಟದ ದೇವರೇ, ಹೂವಿನ ಮಾತೆತ್ತುವ ಹೊತ್ತಲ್ಲ ಇದು, ಇದನ್ನು ಹೇಳಿಕೊಳ್ಳುವ ಯೋಗ್ಯತೆಯೂ ನನಗಿಲ್ಲ, ಆದರೆ ಶೆಡ್ಡಿನಲ್ಲಿ ಬೇರೆ ಯಾರಿದ್ದಾರೆ, ಹೊಡೆಯುವ ಸೆಕ್ಯೂರಿಟಿ ಗುರುಸ್ವಾಮಿ, ಹೊಡೆಸುವ ಮ್ಯಾನೇಜರ್, ಕೆಳಗೆ ನನ್ನ ಗೆಳೆಯ ಮರಿಮಲ್ಲಪ್ಪ, ಗೋಡೆಗೆ ಒರಗಿದ ನಾನು — ರಬ್ಬರ್ ಪೈಪು ಮತ್ತೆ ಬೀಳುತ್ತದೆ, ಒದ್ದೆ ಗೋಣಿಯನ್ನು ಕಲ್ಲಿಗೆ ಬಡಿದ ಸದ್ದು, ಗುಂಡ್ಲುಪೇಟೆಯವರಿಗೆ ನಮ್ಮ ಅಳತೆ ಯಾಕೆ ಹೇಳಿದೆ, ಮ್ಯಾನೇಜರ್ ಕೇಳುತ್ತಾರೆ, ನಾನಲ್ಲ ಸಾ, ನಮ್ಮವ್ವನಾಣ್ಗೂ ನಾನಲ್ಲ, ಮರಿಮಲ್ಲಪ್ಪ ನರಳುತ್ತಾನೆ — ಹೂವಿನಿಂದ ಬಣ್ಣ ಇಳಿಸುವ ಅಳತೆ, ಬದನಗುಪ್ಪೆಯ ಈ ಫ್ಯಾಕ್ಟರಿಯ ಗುಟ್ಟು, ಆ ಕಡೆಯ ಕಂಪನಿಗೆ ಹೇಗೋ ದಾಟಿದೆ, ಹೇಗೆಂದು ಯಾರಿಗೂ ತಿಳಿಯದು, ಇವನು ನೆಲ ಕಚ್ಚಿರುವುದು ಮಾತ್ರ ನನ್ನ ಒಂದು ಮಾತಿಗೆ.

ಭಾನುವಾರ ಚಾಮರಾಜನಗರದ ಟಾಕೀಸಿನಲ್ಲಿ ಪಕ್ಕಪಕ್ಕ ಕೂತಿದ್ದೆವು, ಕಂಪನಿ ಗುಟ್ಟು ಕದಿಯುವ ಸಿನಿಮಾ, ಕೋಟು ಹಾಕಿದವನು ಗೆಳೆಯನನ್ನು ತಬ್ಬಿಕೊಂಡು ಜೇಬಿನಿಂದ ಕೀ ಎತ್ತಿದ, ಮರಿಮಲ್ಲಪ್ಪ ನನ್ನ ತೊಡೆಗೆ ಗುದ್ದಿದ, ನಮ್ ಫ್ಯಾಕ್ಟ್ರೀಲಿ ಕದಿಯಕೆ ಏನದಲಾ ಬೀರಾ, ಕೊಳ್ತ ಊವಿನ ನಾತವ ಒತ್ಕೊಂಡು ಓಗನ ಬಾ, ಬಾಯಲ್ಲಿದ್ದ ಪಾಪ್‌ಕಾರ್ನ್ ಚೆಲ್ಲುವ ಹಾಗೆ ನಕ್ಕ, ಆಮೇಲೆ ಫೋನು, ಎದ್ದು ಆಚೆ ಹೋದ, ಬಂದ, ಮತ್ತೆ ಫೋನು, ಯಾರ್ಲಾ ಅದು ಅಂದರೆ ಸುಮ್ನೆ ಪಿಚ್ಚರ್ ನೋಡ್ಲಾ ಅಂದ, ಮತ್ತೆ ಹೋದ — ಪರದೆಯ ಮೇಲೆ ತಬ್ಬಿಸಿಕೊಂಡವನ ಗಂಟಲು ಕುಯ್ದರು, ಟಾಕೀಸೆಲ್ಲ ಸಿಳ್ಳೆ, ನಾನು ಖಾಲಿ ಸೀಟು ನೋಡುತ್ತಿದ್ದೆ, ಇಂಥ ಸಿನಿಮಾದಲ್ಲಿ ನಾವು ನಂಬಿದವನೇ ಕಳ್ಳ, ಇವತ್ತು ಮ್ಯಾನೇಜರೂ ಅದನ್ನೇ ಅಂದರು, ಟಾಕೀಸಿನ ಮುಂದೆ ಗುಂಡ್ಲುಪೇಟೆ ಕಂಪನಿಯ ಕಾರನ್ನು ಗುರುಸ್ವಾಮಿ ಕಂಡನಂತೆ, ಚಿಕ್ಕಬೀರಯ್ಯ, ನೀನು ಪಕ್ಕದಲ್ಲಿದ್ದೆ, ಇವನು ಏನು ಮಾಡ್ತಿದ್ದ? ಫೋನ್ ಬಂದಾಗೆಲ್ಲ ಏಳ್ತಿದ್ದ ಸಾ, ಅಂದೆ. ಸೀಟಿನಿಂದ, ಅನ್ನುವುದನ್ನು ಬಿಟ್ಟೆ. ಹೊರ ರಾಜ್ಯದಿಂದ ಬಂದು ನಮ್ಮ ಬಾಯಿಂದಲೇ ಕನ್ನಡ ಕಲಿತವರು ಮ್ಯಾನೇಜರ್, ಇಲ್ಲಿ ಹೂವು ಅಂದರೆ ಊವ, ಹೋಗು ಅಂದರೆ ಓಗು, ಹೇಳ್ತಿದ್ದ ಅಂದರೆ ಏಳ್ತಿದ್ದ, ಎಲ್ಲ ಗೊತ್ತು ಅವರಿಗೆ, ಗೊತ್ತಿದ್ದದ್ದೇ ಕೆಡಿಸಿತು, ಓಹೋ, ಫೋನ್ ಬಂದಾಗೆಲ್ಲ ಹೇಳ್ತಿದ್ನಾ, ಅಂದರು, ಅಷ್ಟೊತ್ತಿಗೆ ಗುರುಸ್ವಾಮಿ ಪೈಪು ಎತ್ತಿಯಾಗಿತ್ತು — ಸಂಜೆ ಕಾಲೇಜಿನ ಮೇಷ್ಟ್ರು ಹ ಎದೆಯಿಂದ ಬರಬೇಕು ಅಂತ ತಿದ್ದಿದ್ದರು, ತಿದ್ದಿಕೊಂಡಿದ್ದೆ, ಹೆದರಿದರೆ ಮಾತ್ರ ಬಿಟ್ಟುಹೋಗುತ್ತದೆ, ಆದರೆ ಏಳುವುದರಲ್ಲಿ ಹ ಎಲ್ಲಿದೆ, ಇಲ್ಲದ ಅಕ್ಷರವನ್ನು ಹೇಗೆ ತಿದ್ದಲಿ — ಅಲ್ಲ ಸಾ ಅನ್ನಬೇಕಿತ್ತು, ಅನ್ನಲಿಲ್ಲ, ಆ ಖಾಲಿ ಸೀಟು ನಾಲಗೆ ಹಿಡಿದಿತ್ತೋ, ಪೈಪಿನ ಭಯವೋ —

ಮರಿಮಲ್ಲಪ್ಪನ ಪಕ್ಕೆ ಲಟಕ್ ಅಂದಿತು. ಒಂದು ಕಣ್ಣು ಊದಿ ಮುಚ್ಚಿದೆ, ಇನ್ನೊಂದು ನನ್ನ ಕಡೆ, ಬೀರಾ ಏನಾರ ಅನ್ಲಾ, ಸಾಯಿಸ್ಬುಡ್ತರೆ ಕಣ್ಲಾ — ಎದ್ದು ಹೋಗ್ತಿದ್ದ ಸರ್, ನನ್ನ ದನಿಯೇ, ಕಿರುಚುತ್ತಿದೆ, ಎದ್ದು, ಸೀಟಿನಿಂದ ಎದ್ದು, ಹೇಳಿದ್ದಲ್ಲ ಸರ್, ಎದ್ದದ್ದು! ಪೈಪು ಮೇಲೆಯೇ ನಿಂತಿತು. ಮ್ಯಾನೇಜರ್ ನಿಧಾನವಾಗಿ ನನ್ನ ಕಡೆ ತಿರುಗಿದರು, ಸರಿ, ಎದ್ದು ಹೋಗಿ ಯಾರ ಹತ್ತಿರ ಮಾತಾಡ್ತಿದ್ದ? ಆ ಒಂದು ಕಣ್ಣು, ಕೆಂಪು, ರೆಪ್ಪೆ ಬಡಿಯದೆ, ಬೇಡುತ್ತಿದೆಯೋ, ಬಾಯಿ ಮುಚ್ಚು ಅನ್ನುತ್ತಿದೆಯೋ, ಆ ಒಂದು ಕಣ್ಣು — ಯಾರ ಹತ್ತಿರ ಅಂತ ನನಗೆ ಗೊತ್ತಿಲ್ಲ ಮಾದಪ್ಪ.