ಲಿಫ್ಟಿನವನ ಕೈ

ಒತ್ತಿದರು, ಮತ್ತೆ ಒತ್ತಿದರು, ಅವಳು ಶಬ್ದವನ್ನೇ ಬಿಟ್ಟಿಲ್ಲ ಇನ್ನೂ — ಗಾಜಿನಾಚೆ ಕೂತ ಮುದುಕರ ಹೆಬ್ಬೆರಳು ಗುಂಡಿಯ ಮೇಲೆ ನಡುಗುತ್ತಿದೆ, ಹೆಡ್‌ಫೋನು ತಲೆಗೆ ದೊಡ್ಡದಾಗಿ ಜಾರುತ್ತಿದೆ, ಕಣ್ಣು ಮಾತ್ರ ಅವಳ ಮುಖದಲ್ಲೇ ನೆಟ್ಟಿದೆ, ಉತ್ತರ ಅಲ್ಲೇ ಬರೆದಿದೆಯೇನೋ ಎಂಬಂತೆ. ಕೇಳಿಸಿದಾಗ ಮಾತ್ರ ಒತ್ತಿ ಯಜಮಾನ್ರೇ, ಅವಸರ ಏನಿಲ್ಲ, ಎಂದಳು ಮೈಕಿನಲ್ಲಿ, ಕೇಳಿಸ್ತು ಅಂತಾನೇ ಒತ್ತಿದ್ದು ಕಣಮ್ಮ, ಸುಮ್ಮನೆ ಒತ್ತೋಕೆ ನನಗೇನು ಹುಚ್ಚಾ, ಎಂದರು ಅವರು. ಕಿವಿ ಪರೀಕ್ಷೆಗೆ ಬರುವವರಲ್ಲಿ ಹೆದರಿದವರೆಲ್ಲ ಹೀಗೆಯೇ, ಇಲ್ಲದ ಶಬ್ದಕ್ಕೂ ಒತ್ತುತ್ತಾರೆ, ಅವರದು ಸುಳ್ಳಲ್ಲ, ಅವರಿಗೆ ನಿಜಕ್ಕೂ ಕೇಳಿಸುತ್ತದೆ, ಅವಳಿಗೆ ಗೊತ್ತು, ಅವಳಿಗೂ ಮನೆಯಲ್ಲಿ ಸಂಜೆ ಹೊತ್ತು ಅಡುಗೆಮನೆಯಿಂದ ಲೋಟ ಇಡುವ ಸದ್ದು ಕೇಳಿಸುತ್ತದೆ, ಎದ್ದು ಹೋಗಿ ನೋಡಿದರೆ ಲೋಟಗಳು ಬೋರಲಾಗಿ ಒಣಗಿರುತ್ತವೆ. ಮೇಜಿನ ಮೇಲೆ ಫೋನು ಮಿನುಗಿತು. ನಾದಿನಿ. ಅತ್ತಿಗೆ, ಸಂಜೆಗಲ್ಲ, ಅಮ್ಮನ್ನ ಕರ್ಕೊಂಡು ಈಗಲೇ ಹೊರಟ್ವಿ, ಕೀಲಿ ನನ್ನ ಹತ್ರ ಇದೆಯಲ್ಲ, ನೀವು ಆರಾಮಾಗಿ ಬನ್ನಿ, ಟೀವಿಗೆ ಹೊಸ ಪೆಟ್ಟಿಗೆ ತಂದಿದೀನಿ, ಕ್ರಿಸ್‌ಮಸ್ ಸಿನಿಮಾ ಎಲ್ಲಾ ಅದರಲ್ಲೇ ಬರುತ್ತೆ, ಆ ಹಳೇ ಡಬ್ಬಾನ ಕಿತ್ತು ಇದನ್ನ ಜೋಡಿಸಿ ಇಟ್ಟಿರ್ತೀನಿ — ಕಿತ್ತು, ಎಂದಿದ್ದಾಳೆ, ಎಷ್ಟು ಸಲೀಸಾಗಿ, ಹಲ್ಲು ಕೀಳುವವರೂ ಅಷ್ಟು ಸಲೀಸಾಗಿ ಹೇಳುವುದಿಲ್ಲ.

ಫೋನು ಮಾಡಿದಳು, ಎತ್ತಲಿಲ್ಲ, ಗಾಡಿ ಓಡಿಸುತ್ತಿರುತ್ತಾಳೆ, ಅತ್ತೆಯ ಫೋನು ಯಾವತ್ತೂ ಚೀಲದ ತಳದಲ್ಲಿ, ಅದು ಬಡಿದುಕೊಂಡರೂ ಅವರಿಗೆ ಕೇಳಿಸುವುದಿಲ್ಲ, ಎಷ್ಟು ಸಲ ಹೇಳಿದ್ದಾಳೆ, ಬನ್ನಿ ಅತ್ತೆ ನಿಮ್ಮ ಕಿವಿ ನೋಡ್ತೀನಿ, ನನ್ನ ಕಿವಿಗೇನಾಗಿದೆ, ನೀವು ಬಾಯಲ್ಲೇ ನುಂಗ್ತೀರಿ ಮಾತನ್ನ. ಡಾಕ್ಟರ ಬಳಿ ಹೋಗಿ ಮನೆಗೆ ಹೋಗಬೇಕು ಎಂದಳು, ಯಾಕೆ ಎಂದರೆ ಏನು ಹೇಳುವುದು, ಅವರು ಕೇಳಲಿಲ್ಲ, ಒಂದು ವರ್ಷದಿಂದ ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿತು, ಕೂರಲಿಲ್ಲ, ನಿಂತರೆ ಬಸ್ಸು ಬೇಗ ಹೋಗುತ್ತದೆ ಎಂಬಂತೆ ಕಂಬ ಹಿಡಿದು ನಿಂತಳು. ಪ್ಲಗ್ ಕೀಳಬೇಡ ಎಂದು ಸಂದೇಶ ಕಳಿಸಿದಳು. ಯಾಕೆ ಎಂದು ಕೇಳಿದರೆ — ಯಾಕೆಂದರೆ ಅದು ನೆನಪಿಟ್ಟುಕೊಂಡಿದೆ. ಯಾವುದು? ಡಿವಿಡಿ ಹಾಕುವ ಆ ಡಬ್ಬ. ರಿಪೇರಿಯವನೇ ಹೇಳಿದ್ದ, ಕರೆಂಟು ಇರೋ ತನಕ ಇದು ಎಲ್ಲಿ ನಿಲ್ಲಿಸಿದ್ರೋ ಅಲ್ಲಿಂದಲೇ ಶುರು ಮಾಡುತ್ತೆ ಮೇಡಂ, ಪ್ಲಗ್ ಕಿತ್ತರೆ ಮುಗೀತು, ಮೊದಲಿಂದ. ಪುಣ್ಯಕ್ಕೆ ಗಂಡನೇ ಮುಂಚೆ ತನ್ನ ಕಂಪ್ಯೂಟರಿನ ಬ್ಯಾಟರಿ ಪೆಟ್ಟಿಗೆಯನ್ನು ಡಬ್ಬಕ್ಕೆ ಕೊಟ್ಟಿದ್ದ, ಬೇಸಿಗೆಯಲ್ಲಿ ಒಮ್ಮೆ ಕರೆಂಟು ಹೋಗಿ ಪೆಟ್ಟಿಗೆ ಕುಂಯ್ ಕುಂಯ್ ಎನ್ನತೊಡಗಿದಾಗ ಅದರ ಪಕ್ಕ ನೆಲದ ಮೇಲೆ ಕೂತಿದ್ದಳು, ಕೆಂಪು ದೀಪ ನೋಡುತ್ತ, ಜ್ವರದ ಮಗುವಿನ ಪಕ್ಕ ಕೂತ ಹಾಗೆ, ಕರೆಂಟು ಬಂದಾಗ ಬೆನ್ನೆಲ್ಲ ಒದ್ದೆ. ಆಸ್ಪತ್ರೆಯಲ್ಲಿ ಇಷ್ಟು ಕಾವಲು ಕಾಯಲಿಕ್ಕೂ ಅವನು ಅವಕಾಶ ಕೊಟ್ಟಿರಲಿಲ್ಲ.

ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಅದೇ ಮೂರು ಸಿನಿಮಾ, ಅದೇ ಸಾಲಿನಲ್ಲಿ. ಮೊದಲು ಗೊಂಬೆಯಾಟದ್ದು, ದಕ್ಷಿಣಕ್ಕೆ ಹಾರಲಾರೆ ಎಂದು ಹಠ ಹಿಡಿದು ಹಿಮದಲ್ಲಿ ಉಳಿಯುವ ಬಾತುಕೋಳಿ, ಅದರ ಮಾತನ್ನೆಲ್ಲ ಅವನು ಅದಕ್ಕಿಂತ ಮೊದಲೇ ಹೇಳಿಬಿಡುತ್ತಿದ್ದ, ಆಮೇಲೆ ಅಂಗಡಿಯವನ ಸಿನಿಮಾ, ಅದರಲ್ಲಿ ಅತ್ತೆ ತಪ್ಪದೆ ನಿದ್ದೆ ಹೋಗುತ್ತಿದ್ದರು, ಅಮ್ಮ ಗೊರಕೆ, ಗೊರಕೆ ಅಲ್ಲ ಕಣೋ, ಕಣ್ಣು ಮುಚ್ಚಿ ನೋಡ್ತಿದ್ದೆ. ಕೊನೆಗೆ ಲಿಫ್ಟಿನವನ ಕಪ್ಪು ಬಿಳುಪು ಸಿನಿಮಾ. ದೊಡ್ಡ ಅಂಗಡಿ, ಕ್ರಿಸ್‌ಮಸ್ಸಿನ ಹಿಂದಿನ ಸಂಜೆ, ಬಿಳಿ ಕೈಗವಸಿನ ಲಿಫ್ಟಿನವನು, ಕೊನೆಯ ಗಿರಾಕಿ ಒಬ್ಬ ಹೆಂಗಸು, ಎರಡು ಅಂತಸ್ತಿನ ನಡುವೆ ಲಿಫ್ಟು ನಿಲ್ಲುತ್ತದೆ, ಇಬ್ಬರೂ ಮಾತಾಡುತ್ತಾರೆ, ಹೊರಗೆ ಹಿಮ, ಆಮೇಲೆ ಲಿಫ್ಟು ಕೆಳಗೆ ಬಂದು ಅವಳು ಇಳಿದು ಹೋಗುವಾಗ ಅವನು ಕೈ ಎತ್ತುತ್ತಾನೆ. ಎಂದಿನಂತೆ ಟೀಗೆ ಅಲ್ಲೇ ನಿಲ್ಲಿಸಿದ ಗಂಡ, ಕಳೆದ ವರ್ಷವೂ. ತಡೀರಿ, ಟೀ ಇಟ್ಟು ಬರ್ತೀನಿ, ಯಾರೂ ಮುಂದೆ ಓಡಿಸಬೇಡಿ, ನಾನಿಲ್ಲದೆ ನೋಡಿದ್ರೆ ಟೀ ಇಲ್ಲ. ಪರದೆಯ ಮೇಲೆ ಬಿಳಿ ಕೈಗವಸು ಗಾಳಿಯಲ್ಲಿ ನಿಂತಿತ್ತು. ಅಡುಗೆಮನೆಯಿಂದ ಲೋಟ ಇಟ್ಟ ಸದ್ದು, ಇನ್ನೊಂದು ಲೋಟ, ಆಮೇಲೆ ಲೋಟದ್ದಲ್ಲದ ಸದ್ದು. ಅವಳಿಗೆ ಮೊದಲ ಸಲಕ್ಕೇ ಕೇಳಿಸಿತ್ತು. ಅವಳ ಕಿವಿ ಚೆನ್ನಾಗಿದೆ.

ಆ ಕೈ ಆಮೇಲೆ ಏನು ಮಾಡುತ್ತದೆ? ಅಷ್ಟು ವರ್ಷ ನೋಡಿದ್ದಾಳೆ, ನೆನಪಿಲ್ಲ. ಟೋಪಿ ಮುಟ್ಟಿ ಸಲಾಮು ಹೊಡೀತಾನೆ ಅತ್ತಿಗೆ, ಎಂದಿದ್ದಳು ನಾದಿನಿ ಒಮ್ಮೆ, ಇಲ್ಲ ಇಲ್ಲ, ಕಣ್ಣು ಒರೆಸಿಕೊಳ್ತಾನೆ, ಎಂದಿದ್ದರು ಅತ್ತೆ, ಹುಡುಕಿದರೆ ಫೋನಿನಲ್ಲೇ ಸಿಗುತ್ತದೆ, ಹುಡುಕಿಲ್ಲ. ಓದಿಕೊಂಡವಳು, ಯಂತ್ರದೊಳಗೆ ಯಾರೂ ಇಲ್ಲ ಎಂಬುದು ಗೊತ್ತು. ಗೊತ್ತಿದ್ದೂ ಈ ಬಸ್ಸು ಈ ಸಿಗ್ನಲಿನಲ್ಲಿ ಇಷ್ಟು ಹೊತ್ತು ನಿಲ್ಲಬಾರದು, ಈ ಕಂಡಕ್ಟರೇನು ಕೆಳಗಿಳಿದು ಹರಟುತ್ತಿದ್ದಾನೆ, ನಾದಿನಿ ಈಗ ಬಾಗಿಲು ತೆಗೆದಿರುತ್ತಾಳೆ, ಈಗ ಪೆಟ್ಟಿಗೆ ಬಿಚ್ಚಿರುತ್ತಾಳೆ, ಟೀವಿಯ ಹಿಂದೆ ಬಗ್ಗಿರುತ್ತಾಳೆ, ಅಯ್ಯೋ ಏನಿದು ಧೂಳು, ಯಾವ ವೈರು ಯಾವುದರದ್ದು, ಎಲ್ಲಾ ಕಿತ್ತುಬಿಡೋಣ —

ಇಳಿದವಳು ಓಡಿದಳು, ಚಪ್ಪಲಿ ಕೈಯಲ್ಲಿ ಹಿಡಿದು, ಮೆಟ್ಟಿಲು, ಬಾಗಿಲು ತೆರೆದೇ ಇತ್ತು, ನೆಲದ ಮೇಲೆ ಹೊಸ ಪೆಟ್ಟಿಗೆಯ ರಟ್ಟು, ಥರ್ಮೋಕೋಲು, ನಡುಮನೆಯ ಮಧ್ಯೆ ಸೊಂಟಕ್ಕೆ ಕೈ ಕೊಟ್ಟು ನಿಂತ ನಾದಿನಿ. ನೋಡಿ ಅತ್ತಿಗೆ, ನೀವೇ ಹೇಳಿ ಇವರಿಗೆ, ಬಂದಾಗಿಂದ ಎದ್ದೇ ಇಲ್ಲ, ಟೀವಿ ಮುಂದೆ ಕೂರಮ್ಮ ಅಂದ್ರೆ ಗೋಡೆ ಹತ್ರ ಕೂತಿದಾರೆ, ಒಂದು ವೈರು ಮುಟ್ಟೋಕೆ ಬಿಡಲ್ಲ. ಅತ್ತೆ ಊಟದ ಮೇಜಿನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಪ್ಲಗ್ಗಿನ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು, ಚೀಲ ತೊಡೆಯ ಮೇಲೆ, ಬಸ್ಸಿಗೆ ಕಾಯುವವರ ಹಾಗೆ. ಅವರ ಕಾಲಿನ ಪಕ್ಕ ಕೆಂಪು ದೀಪ. ಉರಿಯುತ್ತಿದೆ. ಅವಳು ಗೋಡೆ ಹಿಡಿದುಕೊಂಡಳು. ಅಲ್ಲೇ ನಿಂತಿದೆ ತಾನೇ, ಎಂದರು ಅತ್ತೆ. ಅವಳು ಹೌದೆಂದಳು, ಬಾಯಲ್ಲಿ ನುಂಗಿದಳೋ ಏನೋ, ಆದರೂ ಅವರಿಗೆ ಕೇಳಿಸಿತು. ನಾನೂ ಇಲ್ಲೇ ಇದ್ದೆನಲ್ಲ ಅವತ್ತು, ನಿನ್ನೊಬ್ಬಳಿಗೇ ಏನು ಅದು. ನಾದಿನಿ ಏನೋ ಹೇಳಲು ಹೋದವಳು ದೀಪ ನೋಡಿದಳು, ತಾಯಿಯನ್ನು ನೋಡಿದಳು, ರಟ್ಟನ್ನು ಕಾಲಿನಿಂದ ಮೂಲೆಗೆ ತಳ್ಳಿ ಸೋಫಾದ ತುದಿಯಲ್ಲಿ ಕೂತಳು.

ಬದುಕಿದೆ ಎಂದುಕೊಂಡಳು, ಇನ್ನೊಂದು ವರ್ಷ ಹೀಗೆಯೇ ಇಡಬಹುದು, ಅತ್ತೆಯೂ ಕಾಯುತ್ತಾರೆ, ಇಬ್ಬರಿದ್ದರೆ — ಹಾಕಮ್ಮ, ಎಂದರು ಅತ್ತೆ. ಅತ್ತೆ, ಮುಂದೆ ಹೋಗಿಬಿಡುತ್ತೆ ಅದು. ಹೋಗಲಿ. ಆಮೇಲೆ ವಾಪಸ್ ಅಲ್ಲಿಗೆ ಬರಲ್ಲ ಅತ್ತೆ. ಗೊತ್ತು ಕಣೆ, ನಾನೇನು ಮಗುವಾ, ಅವನು ಕೈ ಎತ್ತಿಕೊಂಡು ಎಷ್ಟು ಹೊತ್ತು ನಿಲ್ತಾನೆ, ನೋಯಲ್ವಾ, ನನಗೆ ಮಲಗಿದರೆ ಅದೇ ಕಾಣುತ್ತೆ, ಹಾಕು. ರಿಮೋಟು ತಣ್ಣಗಿತ್ತು, ಬ್ಯಾಟರಿಯ ಮುಚ್ಚಳಕ್ಕೆ ಅವನು ಸುತ್ತಿದ ಟೇಪು ಅಂಗೈಗೆ ಅಂಟಿತು, ಹೆಬ್ಬೆರಳು ಗುಂಡಿಯ ಮೇಲಿದೆ, ಕೇಳಿಸಿದಾಗ ಮಾತ್ರ ಒತ್ತಿ, ಅವಸರ ಏನಿಲ್ಲ, ಅವಳು ಕಿವಿಗೊಟ್ಟಳು, ಫ್ರಿಜ್ಜಿನ ಗುಂಯ್, ಕೆಳಗೆ ಯಾರದೋ ಗೇಟು, ಅತ್ತೆಯ ಉಸಿರು, ಅಡುಗೆಮನೆಯಲ್ಲಿ ಏನೂ ಇಲ್ಲ, ಲೋಟವಿಲ್ಲ, ಏನೂ ಇಲ್ಲ, ಒತ್ತಿದಳು. ಡಬ್ಬದೊಳಗೆ ತಟ್ಟೆ ತಿರುಗುವ ಸದ್ದು, ಪರದೆ ಕಪ್ಪು, ಇನ್ನೂ ಕಪ್ಪು, ಮರೆತಿದೆಯೇ, ಮೊದಲಿನಿಂದ ಬರುತ್ತದೆಯೇ, ಆಮೇಲೆ ಬೆಳಕು, ಮೂವರೂ ಒಟ್ಟಿಗೆ ಅಡುಗೆಮನೆಯ ಬಾಗಿಲಿನ ಕಡೆ ತಿರುಗಿದರು, ಯಾರೂ ಹೇಳಿಕೊಡದೆ, ಪ್ರತಿ ವರ್ಷದಂತೆ, ತಿರುಗಿದ ಮುಖಗಳನ್ನು ಒಂದೊಂದಾಗಿ ಈಚೆ ತಂದರು, ಪರದೆಯ ಮೇಲೆ ಹಿಮ, ತೆರೆದ ಲಿಫ್ಟಿನ ಬಾಗಿಲು, ಬಿಳಿ ಕೈಗವಸು, ಗಾಳಿಯಲ್ಲಿ, ಟೋಪಿಗೂ ಅಲ್ಲ, ಕಣ್ಣಿಗೂ ಅಲ್ಲ, ಇನ್ನೂ ಎಲ್ಲಿಗೂ ಅಲ್ಲ, ಬೆರಳುಗಳು ಸ್ವಲ್ಪ ಬಿಡಿಸಿಕೊಂಡು, ಆ ಕೈ