ಹೆಸರಿಲ್ಲದ ಅಚ್ಚು

ಹಟ ನನ್ನದೇ, ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ. ಆಫೀಸಿನವರೆಲ್ಲ ಮನೆಯಲ್ಲೇ ಕೂತು ಕೆಲಸ ಮಾಡತೊಡಗಿದಾಗ ನಮ್ಮ ಅಂಗಡಿಯ ಚರ್ಮದ ಬೂಟು ಕೇಳುವವರೇ ಇಲ್ಲವಾದರು. ಮನೆಯೊಳಗೆ ಹಾಕುವ ಚಪ್ಪಲಿ ಹೊಲಿದೆವು. ಹೊಲಿದು ಮುಗಿಸುವಷ್ಟರಲ್ಲಿ ಎಲ್ಲರೂ ಮತ್ತೆ ಆಫೀಸಿಗೆ ಹೊರಟರು, ಅದೂ ಕ್ಯಾನ್ವಾಸ್ ಬೂಟು ಹಾಕಿಕೊಂಡು!

"ಮಾರ್ಕೆಟ್ ಬದಲಾದ್ರೆ ನಾವೂ ಬದಲಾಗ್ಬೇಕು ರೀ. ಕ್ಯಾನ್ವಾಸಿಗೇ ಇಳಿಯೋಣ," ಎಂದೆ ಗಂಡನಿಗೆ.

"ಅಪ್ಪನ ಅಚ್ಚುಗಳು?"

ಗೋಡೆಯುದ್ದಕ್ಕೂ ತೀರಿಹೋದ ಮಾವ ಕೆತ್ತಿದ ಮರದ ಪಾದಗಳು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಜೊತೆ, ಹಿಮ್ಮಡಿಯಲ್ಲಿ ಅವರ ಹೆಸರು; ಹೆಸರಿಲ್ಲದವೂ ಕೆಲವಿದ್ದವು. ಅದರ ಮೇಲೆ ಚರ್ಮ ಎಳೆದು ಹೊಲಿದರೆ ಬೂಟು ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಕ್ಯಾನ್ವಾಸ್ ಹೊಲಿಯುವ ಹೊಸ ಮೆಷಿನ್ ಇಡಲು ಆ ಗೋಡೆಯೇ ಬೇಕಿತ್ತು.

"ಹೆಸರಿರೋದು ಒಂದಷ್ಟು ಇಟ್ಕೊಳ್ಳೋಣ. ಉಳಿದಿದ್ದು ಹೋಗ್ಲಿ ಬಿಡಿ."

ನಾನೇ ಕೂತು ಆರಿಸಿದೆ. ಹೆಸರಿಲ್ಲದವೆಲ್ಲ ಮೂಟೆಗೆ ಹೋದವು. ಬೇಕರಿಯವನು ಒಲೆಗೆಂದು ಹೇರಿಕೊಂಡು ಹೋದ. ಮೆಷಿನ್ ಬಂತು, ಕ್ಯಾನ್ವಾಸ್ ಬೂಟು ಖರ್ಚಾಗತೊಡಗಿತು. ನಾನು ಬೀಗಿದ್ದೇ ಬೀಗಿದ್ದು.

ಅಂಗಡಿಯ ಹೊಲಿಗೆಯೆಲ್ಲ ನನ್ನ ನಾದಿನಿಯದು. ಹುಟ್ಟಿನಿಂದ ಅವಳ ಎಡಪಾದ ಒಳಕ್ಕೆ ತಿರುಗಿದೆ. ಮಾವ ಮಾಡಿದ ಬೂಟು ಹಾಕಿಕೊಂಡರೆ ಕುಂಟುವುದು ಗೊತ್ತೇ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅದರ ಚರ್ಮ ಸೀಳಿಹೋಯಿತು, ತೇಪೆಗೂ ಬಗ್ಗಲಿಲ್ಲ.

"ಅತ್ತಿಗೆ, ನನ್ನ ಅಚ್ಚು ತೆಗೆದುಕೊಡಿ. ಅಣ್ಣ ಹೊಸದು ಮಾಡಿಕೊಡ್ಲಿ."

ಉಳಿಸಿದ್ದನ್ನೆಲ್ಲ ಕೆಳಗಿಳಿಸಿದೆ. ವಕೀಲರದಿತ್ತು, ದಲ್ಲಾಳಿಯದಿತ್ತು, ಅವಳದಿಲ್ಲ. ಮನೆಮಗಳ ಅಚ್ಚಿಗೆ ಮಾವ ಹೆಸರು ಯಾಕೆ ಬರೆದಾರು? ಅವರಿಗೆ ಅದು ಮುಟ್ಟಿದರೇ ಗೊತ್ತಾಗುತ್ತಿತ್ತು. ಅಯ್ಯೋ, ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ!

ಬೇಕರಿಗೆ ಓಡಿದೆ. ಮೂಟೆ ಉರಿದು ಎಷ್ಟೋ ದಿನವಾಗಿತ್ತು. ಹರಿದ ಬೂಟನ್ನು ಮುಂದಿಟ್ಟುಕೊಂಡು ಗಂಡ ಎರಡು ಸಲ ಅಚ್ಚು ಕೆತ್ತಿದರು. ಎರಡು ಸಲವೂ ಬೂಟು ಕಚ್ಚಿ ಅವಳ ಪಾದದಲ್ಲಿ ರಕ್ತ ಬಂತು. ಉಳಿ ಕೆಳಗಿಟ್ಟು, "ಅಪ್ಪನ ಕೈ ನಂಗೆ ಬರಲ್ಲ ಕಣೇ," ಎಂದರು.

ಮರುದಿನ ನಾದಿನಿ ನಮ್ಮದೇ ಕ್ಯಾನ್ವಾಸ್ ಬೂಟಿಗೆ ಬಟ್ಟೆ ತುರುಕಿಕೊಂಡು, ಗೋಡೆ ಹಿಡಿದುಕೊಂಡು ಮೆಷಿನ್ನಿನ ತನಕ ಬಂದಳು. ನನಗೆ ಅಳು ತಡೆಯಲಾಗಲಿಲ್ಲ.

"ಬೈದುಬಿಡೇ ನನ್ನ," ಎಂದೆ.

"ಬದಲಾಗ್ಬೇಕು ಅಂದಿದ್ರಲ್ಲ ಅತ್ತಿಗೆ, ನಾನೂ ಬದಲಾಗೋಕೆ ನೋಡ್ತಾ ಇದೀನಿ. ಈ ಪಾದ ಮಾತ್ರ ಮಾತು ಕೇಳ್ತಿಲ್ಲ," ಎಂದು ಅವಳು ಹೊಲಿಯಲು ಕೂತಳು.