ಕುಂಕುಮ ಹಚ್ಚುವ ಮೊದಲು

ಬೆಳಗಾಗುವ ಮುನ್ನವೇ ಸಾಬಮ್ಮ ಎದ್ದು, ಮಿಂದು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಕುಂಕುಮದ ಭರಣಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ಕಮಲಾಪುರದಿಂದ ಕಲಬುರಗಿಗೆ ಬಸ್ಸುಗಳಿಗೇನು ಬರವೇ? ಆದರೂ ಅವಳಿಗೆ ಮೊದಲನೆಯದೇ ಬೇಕು. ಇವತ್ತು ಅಣ್ಣನ ಮಗಳು ಕಾವೇರಿಯ ಮದುವೆಯ ಬಸ್ತಾ, ಎರಡೂ ಮನೆಯವರು ಕೂಡಿ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಮದುವೆಯ ಜವಳಿ ಕೊಳ್ಳುವ ದಿನ. ಅಕ್ಕಿಕಾಳು ಬೀಳುವ ಮುಹೂರ್ತಕ್ಕೆ ಮದುಮಗಳು ಉಡುವ ಸೀರೆಯನ್ನು ಗಂಡಿನ ತಾಯಿ ಆರಿಸಬೇಕು. ಹೆಣ್ಣಿನ ಕಡೆಯ ಹಿರಿಯಳು ಒಪ್ಪಿ ಅದಕ್ಕೆ ಕುಂಕುಮ ಹಚ್ಚಬೇಕು. ಹಚ್ಚಿದ ಮೇಲೆ ಮುಗಿಯಿತು, ಆ ಸೀರೆ ಮತ್ತೆ ಅಂಗಡಿಯ ಕಪಾಟು ಸೇರುವಂತಿಲ್ಲ. ತಾಯಿಯಿಲ್ಲದ ಕಾವೇರಿಗೆ ಆ ಹಿರಿಯಳು ಸೋದರತ್ತೆ ಸಾಬಮ್ಮನೇ. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಸಾಬಮ್ಮ ಎಂಥವಳೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರು ಏನು ತೋರಿಸಿದರೂ ಅವಳ ಬಾಯಲ್ಲಿ ಒಂದೇ ಮಾತು, ಭಾಳ ಛಂದ ಅದ. ಉಪ್ಪು ಬೀಳದ ಪಲ್ಯಕ್ಕೂ ಛಂದ, ಪಕ್ಕದ ಮನೆಯವರು ಗೋಡೆಗೆ ಬಳಿಸಿದ ಕಣ್ಣು ಕುಕ್ಕುವ ಬಣ್ಣಕ್ಕೂ ಛಂದ. ಒಂದು ಮಾತಿಗೆ ಒಬ್ಬರ ಮುಖ ಅರಳಿದರೆ ಯಾರಪ್ಪನ ಗಂಟು ಹೋಗುತ್ತದೆ ಎಂಬುದು ಅವಳ ವಾದ. ಇವಳ ಮುಂದೆ ಕತ್ತೆ ಅರಚಿದರೂ ದನಿ ಇಂಪಾಗಿದೆ ಅಂದಾಳು ಎಂದು ಅಣ್ಣ ಅಂಬಣ್ಣ ಕಾಡಿಸುತ್ತಿದ್ದ.

ಬಸ್ಸು ಕಪನೂರ ದಾಟುವಾಗ ಎಲ್ಲರೂ ಕಾವೇರಿಯನ್ನು ಚುಡಾಯಿಸಿದರು. ಮದುಮಗ ಕಪಿಲ ಅಲ್ಲಿಯ ಒಂದು ಕಾರ್ಖಾನೆಯಲ್ಲೇ ಕೆಲಸಕ್ಕಿರುವುದು. ಅವನನ್ನು ಮೊದಲು ನೋಡಿ ಬಂದವಳೂ ಸಾಬಮ್ಮನೇ. ಒಬ್ಬಳೇ ಹೋಗಿ, ಸಂಜೆ ಮನೆಗೆ ಬಂದು, ಹುಡುಗ ಭಾಳ ಛಂದ ಅದಾನ ಅಂದಿದ್ದಳು. ಆ ಮಾತಿನ ಮೇಲೆಯೇ ಕಾವೇರಿ ಹ್ಞೂಂ ಅಂದಿದ್ದಳು.

ಅಂಗಡಿಯಲ್ಲಿ ನೋಮಾನ್ ಎಂಬ ಚುರುಕಿನ ಹುಡುಗ ಸೀರೆಗಳನ್ನು ಬಿಚ್ಚಿ ಬಿಚ್ಚಿ ಹಾಸಿದ. ಸಾಬಮ್ಮ ಒಂದೊಂದಕ್ಕೂ ಛಂದ ಅಂದದ್ದೇ ಅಂದದ್ದು. ಯಾವುದನ್ನು ಇಡಲಿ, ಯಾವುದನ್ನು ಮಡಚಲಿ ಎಂದು ತಿಳಿಯದೆ ಅವನು ತಲೆ ಕೆರೆದುಕೊಂಡ. ಕೊನೆಗೆ ಕಪಿಲನ ತಾಯಿ ಭೀಮಬಾಯಿ ಒಂದನ್ನು ಎತ್ತಿ, ಹೆಮ್ಮೆಯಿಂದ ಕಾವೇರಿಯ ಹೆಗಲಿಗೆ ಹಾಕಿದಳು. ಬಾಡಿದ ಬದನೆಕಾಯಿಯ ಬಣ್ಣ, ಅದರ ಮೇಲೆ ಅಂಗೈಯಗಲದ ಹೂಗಳು. ಹುಡುಗಿ ಇದ್ದಕ್ಕಿದ್ದಂತೆ ನಾಲ್ಕು ಮಕ್ಕಳ ತಾಯಿಯ ಹಾಗೆ ಕಂಡಳು. ಸಾಬಮ್ಮನ ಎದೆ ಧಸಕ್ಕೆಂದಿತು, ಆದರೆ ಬಾಯಿ ತನ್ನ ಕೆಲಸ ತಾನು ಮಾಡಿತು. ಭಾಳ ಛಂದ ಅದರೀ, ಅಂದಳು.

ಕಾವೇರಿ ಸೋದರತ್ತೆಯ ರಟ್ಟೆ ಹಿಡಿದು ದೊಡ್ಡ ಕನ್ನಡಿಯ ಹಿಂದಕ್ಕೆ ಎಳೆದೊಯ್ದಳು. ಹುಡುಗಿಯ ಕಣ್ಣುಗಳು ತುಂಬಿ ಬಂದಿದ್ದವು.

"ಹುಡುಗನ್ನ ನೋಡಿ ಬಂದಾಗೂ ಹಿಂಗೇ ಅಂದಿದ್ದಿ ಅತ್ತಿ. ಇದೇ ಮಾತು, ಇದೇ ದನಿ. ಮಾರಿ ನಾನೂ ನೋಡೀನಿ, ಗುಣ ಹ್ಯಾಂಗ ಗೊತ್ತಾಗಬೇಕು? ಅಂವ ಖರೇನೇ ಛಂದ ಅದಾನೋ, ಈ ಸೀರಿಯಂಗ ಛಂದ ಅದಾನೋ?"

ಹುಡುಗನ ಬಗ್ಗೆ ಸಾಬಮ್ಮ ಹೇಳಿದ್ದು ಅಪ್ಪಟ ನಿಜ. ಆದರೆ ಆ ನಿಜಕ್ಕೆ ಬೇರೆ ಮಾತನ್ನು ಎಲ್ಲಿಂದ ತರುವುದು? ಇದ್ದ ಒಂದು ಮಾತನ್ನು ಉಪ್ಪಿಲ್ಲದ ಪಲ್ಯಕ್ಕೆಲ್ಲ ಸುರಿದು ಕೂತಿದ್ದಳಲ್ಲ. ನಿನ್ನಾಣೆ, ಖರೇ, ಅಂದಳು. ಕಾವೇರಿ ತಲೆಯಲ್ಲಾಡಿಸಿದಳು. ನಿನ್ನ ಮಾತು ನಂಬುವ ಹಾಗಿಲ್ಲ ಎಂದಮೇಲೆ ಈ ಮದುವೆಗೂ ನನಗೆ ಧೈರ್ಯವಿಲ್ಲ ಅಂದುಬಿಟ್ಟಳು. ಅಷ್ಟರಲ್ಲಿ ಆಚೆಯಿಂದ ಭೀಮಬಾಯಿ ಕುಂಕುಮ ಹಚ್ಚಲು ಕರೆದಳು.

ಸಾಬಮ್ಮ ಬಂದು ಕೂತಳು. ಭರಣಿ ತೆರೆದು ಬೆರಳದ್ದಿದಳು. ಬೆರಳು ಸೀರೆಯ ತನಕ ಹೋಗಿ ನಿಂತಿತು.

"ಬೀಗತ್ಯಾರ, ಸಿಟ್ಟಾಗಬ್ಯಾಡ್ರಿ. ಈ ಸೀರಿ ಛಂದ ಇಲ್ರೀ."

ಅಂಬಣ್ಣನಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಭೀಮಬಾಯಿಯ ಮುಖ ಇಳಿಯಿತು. ಈಗ ತಾನೇ ಛಂದ ಅಂದಿರಲ್ಲ ಎಂದು ಕೇಳಿದಳು. ಸುಳ್ಳು ಹೇಳಿದೆ ಎಂದಳು ಸಾಬಮ್ಮ. ಹಾಗಾದರೆ ನಿಶ್ಚಯದ ದಿನ ನಾನು ಮಾಡಿದ ಹೋಳಿಗೆಗೂ ಛಂದ ಅಂದಿದ್ದಿರಿ, ಅದೇನು ಎಂದು ಭೀಮಬಾಯಿ ಪಟ್ಟು ಹಿಡಿದಳು.

"ಗಟ್ಟಿ ಇದ್ದುವ್ರೀ, ದವಡಿ ನೊಂದಿತ್ತು. ಆದ್ರ ನಿಮ್ಮ ಮಗ ಮಾತ್ರ ಖರೇನೇ ಛಂದ ಅದಾನ."

ಕಟ್ಟೆ ಒಡೆದ ಮೇಲೆ ನೀರು ನಿಲ್ಲುವುದುಂಟೇ? ಎಲ್ಲವನ್ನೂ ಹೇಳಿಬಿಟ್ಟಳು. ಅವತ್ತು ಕಾರ್ಖಾನೆಯ ಗೇಟಿನ ಬಳಿ ಉಣ್ಣುತ್ತ ಕೂತಿದ್ದ ಕಪಿಲನ ಮುಂದೆ ನಿಂತು, ತಾನು ಯಾರೆಂದು ಹೇಳದೆ, ಹುಟ್ಟಿಯೇ ಇರದ ಒಬ್ಬ ನೆಂಟನ ಮನೆ ಎಲ್ಲಿ ಎಂದು ಕೇಳಿದ್ದಳು. ಅವನು ಬುತ್ತಿ ಮುಚ್ಚಿಟ್ಟು ಉರಿಬಿಸಿಲಲ್ಲಿ ಅವಳ ಜೊತೆ ಓಣಿ ಓಣಿ ಅಲೆದ. ದಾರಿಯುದ್ದಕ್ಕೂ ಮಾತಾಡಿ ಮಾತಾಡಿ ತಲೆ ತಿಂದ. ಮನೆ ಸಿಗದಾಗ ಅವಳಿಗಿಂತ ಹೆಚ್ಚು ಪೇಚಾಡಿದ, ಬಸ್ಸು ಹತ್ತಿಸಿಯೇ ಹೋದ. ನಿಶ್ಚಯದ ದಿನ ಎಲ್ಲಿ ಗುರುತು ಹಿಡಿಯುತ್ತಾನೋ ಎಂದು ಇವಳು ಹಣೆಯ ತನಕ ಸೆರಗೆಳೆದುಕೊಂಡು ಕೂತಿದ್ದಳಂತೆ.

ಭೀಮಬಾಯಿ ಕೇಳುತ್ತ ಕೇಳುತ್ತ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಂವ ನಿಶ್ಚಯದ ದಿನಾನೇ ಗುರುತು ಹಿಡದಾನ್ರೀ. 'ಪಾಪ, ಅವರಿಗಿ ನಾಚಿಕಿ ಆಗ್ತದ, ನಾ ಇವತ್ತೇ ನೋಡಿದಂಗ ಇರ್ತೀನಿ, ನೀನೂ ಬಾಯಿ ಬಿಡಬ್ಯಾಡ' ಅಂದ."

ಕಾವೇರಿ ಕಣ್ಣೊರೆಸಿಕೊಂಡಳು. ಸಾಬಮ್ಮನನ್ನೇ ದಿಟ್ಟಿಸಿ ನೋಡಿ, ತಡೆಯಲಾರದೆ ನಕ್ಕಳು.

"ಹಂಗಾದ್ರ ಅಂವನೂ ನಿನ್ನಂಥ ಸುಳ್ಳನೇ ಅದಾನ."

ಹೋಳಿಗೆ ಗಟ್ಟಿ ಎಂದು ಕಟ್ಟಿಕೊಂಡ ಗಂಡನೂ ಇಷ್ಟು ವರ್ಷ ಹೇಳಿರಲಿಲ್ಲ ಎಂದು ಗೊಣಗುತ್ತ ಭೀಮಬಾಯಿ ಬದನೆಕಾಯಿ ಬಣ್ಣವನ್ನು ನೋಮಾನನತ್ತ ತಳ್ಳಿದಳು. ಮತ್ತೆ ಶುರುವಾಯಿತು. ಅಂಗಡಿ ತುಂಬ ಸೀರೆ, ನಗು, ಇನ್ನೊಂದು ಸುತ್ತು ಚಹಾ. ಸಾಬಮ್ಮ ಮಾತ್ರ ತುಟಿ ಬಿಗಿದು ಕೂತಿದ್ದಳು. ಕೊನೆಗೆ ಅರಿಸಿನ ಬಣ್ಣದ, ಕೆಂಪಂಚಿನ ಸೀರೆಯನ್ನು ಭೀಮಬಾಯಿ ಹೊದಿಸಿದಾಗ ಕಾವೇರಿ ಕನ್ನಡಿಯತ್ತ ತಿರುಗಲಿಲ್ಲ. ನೇರ ಸೋದರತ್ತೆಯ ಮುಂದೆ ಬಂದು ನಿಂತು, ಹ್ಯಾಂಗ ಕಾಣ್ತೀನಿ ಎಂದು ಕೇಳಿದಳು.

ಎಲ್ಲರೂ ಸಾಬಮ್ಮನ ಬಾಯಿ ನೋಡಿದರು. ಹಳೆಯ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅವಳು ಅದನ್ನು ನುಂಗಿಕೊಂಡಳು. ತುಟಿ ಪಿಟಕ್ಕೆನ್ನದೆ ಭರಣಿಗೆ ಬೆರಳದ್ದಿ, ಆ ಸೀರೆಯ ಅಂಚಿಗೆ ಕುಂಕುಮವನ್ನು ಒತ್ತಿ ಹಚ್ಚಿದಳು.